ಮೂರು ಚುಕ್ಕಿಯ ಡಬ್ಬಿ

ನಮ್ಮ ಧಾರವಾಡದ ಕಡೆ ‘ಕಾಳಜಿ’ ಎಂಬ ಶಬ್ದಕ್ಕೆ ಎರಡು ಅರ್ಥ. ಇನ್ನೊಬ್ಬರನ್ನು ಚೆನ್ನಾಗಿ ನೋಡಿಕೊಳ್ಳುವುದೂ ಕಾಳಜಿ, ಅವರಿಗೆ ಏನಾಗಿಬಿಡುತ್ತದೋ ಎಂದು ಕೂತಲ್ಲಿ ಕೂರಲಾರದೆ ಒದ್ದಾಡುವುದೂ ಕಾಳಜಿ. ಎರಡಕ್ಕೂ ಒಂದೇ ಶಬ್ದ ಇಟ್ಟವರು ಯಾರೋ ತಿಳಿಯದು, ಆದರೆ ನಮ್ಮ ಮನೆತನದವರೇ ಇರಬೇಕೆಂದು ನನ್ನ ಅನುಮಾನ. ನನ್ನ ತಾಯಿ ಬರೆಯುವ ಪತ್ರದ ಕೊನೆಯ ಸಾಲು ಯಾವಾಗಲೂ ‘ನಮ್ಮ ಕಾಳಜಿ ಮಾಡಬೇಡ’ ಎಂದಿರುತ್ತಿತ್ತು. ಅದನ್ನು ಓದಿದ ಕೂಡಲೇ, ಏನೋ ಆಗಿದೆ, ಮುಚ್ಚಿಡುತ್ತಿದ್ದಾರೆ ಎಂದು ನನಗೆ ಕಾಳಜಿ ಹತ್ತುತ್ತಿತ್ತು. ಬಸ್ಸು ಬರದಿದ್ದರೆ ಏಕೆ ಬರಲಿಲ್ಲವೆಂದು ಕಾಳಜಿ, ಬಂದರೆ ಅದರ ಬ್ರೇಕು ಸರಿಯಿದೆಯೋ ಇಲ್ಲವೋ ಎಂದು ಕಾಳಜಿ. ಮನೆಗೆ ಬೀಗ ಹಾಕಿ ಇಪ್ಪತ್ತು ಹೆಜ್ಜೆ ಹೋದವಳು ತಿರುಗಿ ಬಂದು ಬೀಗ ಜಗ್ಗಿ ನೋಡದ ದಿನ ನನ್ನ ಆಯುಷ್ಯದಲ್ಲಿಲ್ಲ. ಇಂಥವಳನ್ನು ಹುಡುಕಿ, ನಲವತ್ತು ಹುಡುಗಿಯರ ಕಾಳಜಿ ಮಾಡುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡ ಒಂದು ಕಾರ್ಖಾನೆ ಗೋವೆಯಲ್ಲಿತ್ತು. ಅಲ್ಲಿ ನಡೆದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಗೋವೆ ಆಗಷ್ಟೇ ಹೊಸ ರಾಜ್ಯವಾಗಿತ್ತು. ನಮ್ಮ ಯಜಮಾನರಿಗೆ ಬ್ಯಾಂಕಿನಿಂದ ಫೋಂಡಾಕ್ಕೆ ವರ್ಗವಾಗಿ, ನಾವು ಗಂಟುಮೂಟೆ ಕಟ್ಟಿಕೊಂಡು ಗಡಿಯ ಮೊಲೆಂ ದಾಟಿ ಬಂದಿದ್ದೆವು. ಹತ್ತು ವರ್ಷದ ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಕೂತು ಕಾಳಜಿ ಮಾಡುವುದೊಂದೇ ನನಗೆ ಕೆಲಸ. ‘ಅದನ್ನ ಹೊರಗ ಹೋಗಿ ಮಾಡು, ನಾಕು ಮಂದಿಗಾದರೂ ಉಪಯೋಗ ಆಗತದ’ ಎಂದು ಯಜಮಾನರು ಹೇಳಿದ್ದು ಚೇಷ್ಟೆಗೆ. ಆದರೆ ಅವರ ಬ್ಯಾಂಕಿಗೆ ಬರುತ್ತಿದ್ದ ಕಾಮತ್ ಎಂಬವರು ಮಡ್ಕಯಿಯ ಕೈಗಾರಿಕಾ ವಸಾಹತಿನಲ್ಲಿ ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆಯ ಮ್ಯಾನೇಜರು. ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ಬಲ್ಲವರು, ಕನ್ನಡ ಮಾತ್ರ ಬಾರದು. ಅವರ ಪ್ಯಾಕಿಂಗ್ ಹಾಲಿನ ಹುಡುಗಿಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ವಿಜಾಪುರ, ಸಿಂದಗಿ, ಇಂಡಿ ಕಡೆಯ ಮುಸಲ್ಮಾನರ ಮನೆಯವರು. ಹೀಗಾಗಿ ಕನ್ನಡ ಬಲ್ಲ, ಬಿ.ಎ. ಪಾಸಾದ ನನ್ನನ್ನು ‘ವೆಲ್‌ಫೇರ್ ಆಫೀಸರ್’ ಎಂದು ಕರೆದು ಒಂದು ಮೇಜು, ಒಂದು ಕುರ್ಚಿ, ಒಂದು ರಬ್ಬರ್ ಸ್ಟ್ಯಾಂಪು ಕೊಟ್ಟರು.

ಸೇರಿದ ಎರಡನೆಯ ವಾರದಲ್ಲೇ ಮುಂಬಯಿಯ ಹೆಡ್ ಆಫೀಸಿನಿಂದ ಒಂದು ಫಾರ್ಮು ಬಂತು. ಕೆಲಸಗಾರರ ಆರೋಗ್ಯದ ವಿಚಾರಣೆ. ಅದರಲ್ಲಿ ತಂಬಾಕಿನದೊಂದು ಪ್ರಶ್ನೆ, ಹಲ್ಲು ಬಾಯಿ ಸ್ವಚ್ಛತೆಯದೊಂದು ಪ್ರಶ್ನೆ. ಇಂಗ್ಲಿಷಿನಲ್ಲಿದ್ದುದನ್ನು ನಾನು ಬಿ.ಎ. ಕನ್ನಡದಲ್ಲಿ, ‘ತಾವು ಧೂಮಪಾನ ಅಥವಾ ತಂಬಾಕಿನ ಸೇವನೆಯನ್ನು ಮಾಡುತ್ತೀರಾ?’ ಎಂದು ಬರೆದುಕೊಂಡು ಒಬ್ಬೊಬ್ಬರನ್ನೇ ಕರೆದು ಕೇಳಿದೆ. ಧೂಮಪಾನವೆಂದರೆ ಏನೆಂದು ಮೊದಲನೆಯವಳು ಕೇಳಿದಳು. ಬೀಡಿ ಸಿಗರೇಟು ಸೇದುವುದು ಎಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಹಾಲಿಗೆಲ್ಲ ಹಬ್ಬಿ, ಆ ದಿನ ಯಾರೂ ಸರಿಯಾಗಿ ಕೆಲಸ ಮಾಡಲಿಲ್ಲ. ಹೆಣ್ಣುಮಕ್ಕಳು ಬೀಡಿ ಸೇದುತ್ತಾರೆಯೇ ಎಂದು ಕೇಳಿದ ನನ್ನ ಮುಖವನ್ನು ನೋಡಲು ಊಟದ ಹೊತ್ತಿಗೆ ಎರಡು ತಂಡ ಬಂದು ಹೋದವು. ತಂಬಾಕು ತಿನ್ನುತ್ತೀರೇನು ಎಂದರೆ ನಲವತ್ತು ಜನರದೂ ಒಂದೇ ಉತ್ತರ: ಇಲ್ಲ. ದಿನಕ್ಕೆ ಎಷ್ಟು ಸಲ ಹಲ್ಲು ತಿಕ್ಕುತ್ತೀರಿ ಎಂದರೆ ಒಬ್ಬಳು ನಾಲ್ಕು ಸಲ ಎಂದಳು, ಇನ್ನೊಬ್ಬಳು ಐದು, ಜೈತುನ್ ಎಂಬ ಸ್ವಲ್ಪ ಹಿರಿಯಳು ‘ಎಣಿಸಿಲ್ರಿ, ತಲಿ ಹಿಡದಾಗೆಲ್ಲ ತಿಕ್ಕತೀನಿ’ ಎಂದಳು.

ನನಗೆ ರೋಮಾಂಚನವಾಯಿತು. ದಿನಕ್ಕೊಮ್ಮೆ, ಅದೂ ರವಿವಾರ ಹೊತ್ತು ಏರಿದ ಮೇಲೆ ಹಲ್ಲುಜ್ಜುವ ನಾನು ಮನೆಗೆ ಹೋಗಿ ಮಗಳನ್ನು ನಿಲ್ಲಿಸಿಕೊಂಡು, ಬಡವರ ಮಕ್ಕಳನ್ನು ನೋಡಿ ಕಲಿ ಎಂದು ಅರ್ಧ ತಾಸು ಬುದ್ಧಿ ಹೇಳಿದೆ. ಮರುದಿನ ಕಾಮತರಿಗೆ ಎರಡು ಪುಟದ ವರದಿ ಬರೆದೆ. ನಮ್ಮ ಕಾರ್ಖಾನೆಯಲ್ಲಿ ತಂಬಾಕು ಮುಟ್ಟುವ ಹುಡುಗಿ ಒಬ್ಬಳೂ ಇಲ್ಲವೆಂದೂ, ಇವರ ದಂತಶುದ್ಧಿಯನ್ನು ನೋಡಿ ಉಳಿದವರು ಕಲಿಯಬೇಕೆಂದೂ, ಇದಕ್ಕೆ ಪ್ರೋತ್ಸಾಹವಾಗಿ ಹಿತ್ತಲ ಕಡೆ ಒಂದು ನಳ, ಒಂದು ಬೇಸಿನ್, ಒಂದು ಕನ್ನಡಿ, ಹಲ್ಲುಪುಡಿಯ ಡಬ್ಬಿ ಇಡಲು ಕಟ್ಟೆ, ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಹತ್ತು ಹತ್ತು ನಿಮಿಷದ ಬಿಡುವು ಮಂಜೂರು ಮಾಡಬೇಕೆಂದೂ ಅದರಲ್ಲಿತ್ತು. ಕೆಳಗೆ ಸಹಿ, ಸಹಿಯ ಕೆಳಗೆ ರಬ್ಬರ್ ಸ್ಟ್ಯಾಂಪು. ಕಾಮತರು ಖುಷಿಯಾಗಿ ಎಲ್ಲ ಮಾಡಿಸಿಕೊಟ್ಟರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ ಎಂದು ಆಗ ನನಗೆ ಹೊಳೆಯಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಕಾಮತರು ನನ್ನನ್ನು ಕರೆಸಿ ಮೇಜಿನ ಮೇಲೆ ಒಂದು ಮಾತ್ರೆಯ ಪಟ್ಟಿ ಇಟ್ಟರು. ಬಿಳಿಯ ಮಾತ್ರೆಯ ಪಕ್ಕದಲ್ಲಿ, ಅದೇ ಗುಳ್ಳೆಯೊಳಗೆ, ಸಾಸಿವೆಯ ಕಾಲುಭಾಗದಷ್ಟು ಒಂದು ಕರಿಯ ಕಣ. ಔಷಧ ಕೊಳ್ಳುವ ಕಂಪನಿಯವರು ವಾಪಸು ಕಳಿಸಿದ್ದರು. ಪರೀಕ್ಷೆ ಮಾಡಿಸಿದರೆ ತಂಬಾಕು. ಪಟ್ಟಿಯ ನಂಬರು ನೋಡಿದರೆ ಮೆಹಬೂಬಿ ಎಂಬ ಹುಡುಗಿಯ ಮೇಜಿನದು. ಕಾಮತರು ನನ್ನ ವರದಿಯನ್ನೂ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಸ್ಟ್ಯಾಂಪಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು.

ಮೆಹಬೂಬಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಇಂಡಿ ತಾಲೂಕಿನ ಹುಡುಗಿ. ತಂದೆ ಲಾರಿ ಓಡಿಸುವವನು, ತಾಯಿ ಕಲಂಗುಟ್‌ನಲ್ಲಿ ಏಳುತ್ತಿದ್ದ ಹೋಟೆಲುಗಳ ಕಟ್ಟಡಕ್ಕೆ ಕಲ್ಲು, ರೇತಿ ಹೊರುವವಳು. ಇವಳೂ ಎರಡು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು, ಕುತ್ತಿಗೆ ಹಿಡಿದುಕೊಂಡು, ಆಮೇಲೆ ಈ ಕೆಲಸಕ್ಕೆ ಬಂದವಳು. ಫ್ಯಾನಿನ ಕೆಳಗೆ, ಸ್ಟೂಲಿನ ಮೇಲೆ, ತಲೆಗೆ ಬಿಳಿ ಟೊಪ್ಪಿ ಹಾಕಿಕೊಂಡು ಕೂಡುವ ಈ ಕೆಲಸವೆಂದರೆ ಅವಳಿಗೆ ಜೀವ. ನಾನು ಅವಳನ್ನು ಹುಡುಕಿಕೊಂಡು ಹಿತ್ತಲ ಬೇಸಿನ್ನಿಗೆ ಹೋದಾಗ ಮೆಟ್ಟಿಲ ಮೇಲೆ ಕೂತು, ಬೆರಳಿನಿಂದ ಹಲ್ಲು ತಿಕ್ಕುತ್ತಿದ್ದಳು. ನನ್ನ ಮುಖ ನೋಡಿ ಎದ್ದು, ತಲೆ ನೋಯುತ್ತಿದೆಯೇ ಎಂದು ಕೇಳಿ, ತನ್ನ ಚಿಕ್ಕ ತಗಡಿನ ಡಬ್ಬಿಯನ್ನು ಮುಂದೆ ಹಿಡಿದಳು. ಯಾವ ಧ್ಯಾನದಲ್ಲಿದ್ದೆನೋ, ಆ ಕರಿ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಹಲ್ಲಿಗೆ ತಿಕ್ಕಿದೆ. ಒಂದು ನಿಮಿಷದಲ್ಲಿ ಮಡ್ಕಯಿಯ ಗುಡ್ಡ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಬಿಕ್ಕಳಿಕೆ ಹಿಡಿಯಿತು. ಮೆಟ್ಟಿಲ ಮೇಲೆ ಕುಸಿದೆ. ಅದು ಮಶೇರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಪುಡಿ. ಅವಳ ತಂದೆ ಲಾರಿಯಲ್ಲಿ ಎಲೆ ತರುತ್ತಾನೆ, ಮನೆಯಲ್ಲಿ ಹುರಿಯುತ್ತಾರೆ.

‘ತಂಬಾಕು ತಿನ್ನೂದಿಲ್ಲ ಅಂತ ನನ್ನ ಮುಂದ ಹೇಳಿದ್ದೆಲ್ಲವಾ?’ ಎಂದೆ, ಬಿಕ್ಕಳಿಕೆಯ ನಡುವೆ.

‘ತಿನ್ನಂಗಿಲ್ರಿ ಅಕ್ಕಾರ,’ ಎಂದಳು ಮೆಹಬೂಬಿ, ನನಗೆ ನೀರು ಕೊಡುತ್ತ. ‘ಉಗಳತೀವ್ರಿ.’

ಆ ಮುಖದಲ್ಲಿ ಸುಳ್ಳಿನ ಗೆರೆಯೂ ಇರಲಿಲ್ಲ. ತಂಬಾಕು ತಿನ್ನುವುದು ಗಂಡಸರ ಕೆಲಸ, ಹಲ್ಲು ತಿಕ್ಕುವುದು ಹೆಂಗಸರ ಕೆಲಸ. ನಾನು ಕೇಳಿದ್ದಕ್ಕೆ ನಲವತ್ತು ಜನರೂ ಖರೆಯನ್ನೇ ಹೇಳಿದ್ದರು. ಅಷ್ಟೇಕೆ, ಧಾರವಾಡದ ನಮ್ಮ ಮನೆಯಲ್ಲಿ ನನ್ನ ಸ್ವಂತ ಸೋದರತ್ತೆ ಬೆಳಗು ಸಂಜೆ ಹಲ್ಲಿಗೆ ತಪಕೀರು ತಿಕ್ಕುತ್ತಿದ್ದರು. ಅದು ನಶ್ಯದ ಪುಡಿ, ನಶ್ಯವೆಂದರೆ ತಂಬಾಕು ಎಂದು ನನಗೆ ಮೂವತ್ತಾರು ವರ್ಷ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಅದು ‘ಔಷಧ’. ಏಕಾದಶಿಯ ದಿನವೂ ನಡೆಯುತ್ತಿತ್ತು.

ಕಾಮತರು ಕೆಟ್ಟವರಲ್ಲ, ಆದರೆ ಅವರ ಮೇಲೂ ಜನ ಇದ್ದರು. ಮೂರು ತಿಂಗಳ ನಂತರ ಔಷಧ ಕಂಪನಿಯವರು ತಪಾಸಣೆಗೆ ಬರುವವರಿದ್ದರು. ಅದರ ಹಿಂದಿನ ದಿನ ನಾನೇ ಒಮ್ಮೆ ನೋಡುತ್ತೇನೆ, ಪ್ಯಾಕಿಂಗ್ ಹಾಲಿನ ಯಾವ ಹುಡುಗಿಯ ಹತ್ತಿರ ತಂಬಾಕು ಸಿಕ್ಕರೂ ಅವಳನ್ನು ಕೆಲಸದಿಂದ ತೆಗೆಯುತ್ತೇನೆ, ಮೆಹಬೂಬಿಯ ಹತ್ತಿರ ಸಿಕ್ಕರೆ ಆ ಕ್ಷಣವೇ, ಎಂದರು. ಅಷ್ಟರೊಳಗೆ ಬಿಡಿಸುವುದು ನನ್ನ ಜವಾಬ್ದಾರಿ. ಹೆಡ್ ಆಫೀಸಿನವರು ಸಹಾಯಕ್ಕೆಂದು ಒಂದು ಭಿತ್ತಿಚಿತ್ರ ಕಳಿಸಿದರು. ಕೊಳೆತ ಬಾಯಿಯೊಂದರ ಬಣ್ಣದ ಚಿತ್ರ. ಅದನ್ನು ಬೇಸಿನ್ನಿನ ಮೇಲೆ ಅಂಟಿಸಿದ ದಿನ ಹುಡುಗಿಯರು ಹಿತ್ತಲಿಗೆ ಹೋಗುವುದು ಹೆಚ್ಚಾಯಿತು. ಏಕೆಂದು ಕೇಳಿದರೆ, ಆ ಚಿತ್ರ ನೋಡಿ ಎದೆ ಧಸಕ್ಕೆಂದಿತು, ಧೈರ್ಯಕ್ಕೆ ಇನ್ನೊಂದು ಸಲ ತಿಕ್ಕಿಕೊಂಡೆವು ಎಂದರು. ನಾನೇ ಕಿತ್ತು ತೆಗೆದೆ. ಅದನ್ನು ನೋಡಿ ನನಗೂ ಊಟ ಸೇರುತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಈಗಿನವರು ಕೇಳಿದರೆ ದೊಡ್ಡ ಹೆಸರಿಟ್ಟು ಹೊಗಳಿಯಾರು. ಮಂದಿಯ ಜೊತೆ ಕೂತು, ಅವರ ಕಷ್ಟ ತಿಳಿದು, ಅದಕ್ಕೆ ತಕ್ಕ ಉಪಾಯ ಹೂಡುವುದು ಅಂತೆ. ಖರೆ ಹೇಳಬೇಕೆಂದರೆ ನನ್ನದು ಬರೀ ಹೆದರಿಕೆ. ಮೇಜಿನ ಹತ್ತಿರ ಕೂತರೆ ಮೆಹಬೂಬಿ ತಲೆಯ ಮೇಲೆ ಬುಟ್ಟಿ ಹೊತ್ತು ಕಲಂಗುಟ್‌ನಲ್ಲಿ ನಿಂತದ್ದು ಕಣ್ಣಿಗೆ ಕಟ್ಟುತ್ತಿತ್ತು. ಅದಕ್ಕೆ ಎದ್ದು ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಅವರ ನಡುವೆ ಕೂಡುತ್ತಿದ್ದೆ. ಹೇಳಲು ಏನೂ ಇಲ್ಲದ್ದರಿಂದ ಕೇಳುತ್ತಿದ್ದೆ. ಅವರು ಬೆಳಕು ಹರಿಯುವ ಮೊದಲು ಏಳುತ್ತಾರೆ, ನೀರಿಗೆ ಪಾಳಿ ಹಚ್ಚುತ್ತಾರೆ, ಒಂದು ಕಪ್ಪು ಚಹಾದ ಮೇಲೆ ಕೆಲಸಕ್ಕೆ ಬರುತ್ತಾರೆ. ಹತ್ತಕ್ಕೆ ಹಸಿವು, ಮೂರಕ್ಕೆ ನಿದ್ದೆ, ಎರಡಕ್ಕೂ ಮಶೇರಿ. ಇದಿಷ್ಟನ್ನು ನಾನೂ ಊಹಿಸಬಹುದಿತ್ತು. ಊಹಿಸಲಾಗದ್ದನ್ನು ಒಂದು ದಿನ ಜೈತುನ್ ಹೇಳಿದಳು. ಹಾಲಿನ ಸುಪರ್‌ವೈಜರ್ ಗಂಡಸು, ಗೋವೆಯವನೇ. ಸ್ಟೂಲು ಬಿಟ್ಟು ಏಳಬೇಕಾದರೆ ಅವನಿಗೆ ಹೇಳಬೇಕು. ಒಂದಕ್ಕೆ ಹೋಗುತ್ತೇನೆಂದು ಹೇಗೆ ಹೇಳುವುದು, ತಿಂಗಳಿನ ತೊಂದರೆಯನ್ನು ಹೇಗೆ ಹೇಳುವುದು? ‘ದಾಂತ ಘಿಸ್ನಾ ಸಾಬ್’ ಅಂದರೆ ಸಾಕು, ಹಲ್ಲು ತಿಕ್ಕಲು ತಾನೇ ಎಂದು ಬಿಡುತ್ತಾನೆ. ನಾಚಿಕೆಯಿಲ್ಲದೆ ಹೇಳಬಹುದಾದ ಮಾತು ಅದೊಂದೇ. ನಾಲ್ಕು ಸಲ, ಐದು ಸಲ ಎಂದು ನನ್ನ ಫಾರ್ಮಿನಲ್ಲಿ ಬರೆದುಕೊಂಡದ್ದರಲ್ಲಿ ಅರ್ಧ ಹಲ್ಲಿಗೆ ಸಂಬಂಧಪಟ್ಟದ್ದೇ ಅಲ್ಲ.

ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಅಳು ಬಂತು. ಡಬ್ಬಿ ಕಸಿದರೆ ಇವರ ಆ ಹತ್ತು ನಿಮಿಷವನ್ನೂ, ಆ ಒಂದು ಮಾತನ್ನೂ ಕಸಿದಂತೆ. ಹಾಗಾದರೆ ಡಬ್ಬಿ ಇರಲಿ, ಬೇಸಿನ್ ಇರಲಿ, ‘ದಾಂತ ಘಿಸ್ನಾ’ ಇರಲಿ, ಒಳಗಿನ ಪುಡಿ ಮಾತ್ರ ಮೆಲ್ಲಗೆ ಬದಲಾಗಲಿ. ಇದನ್ನು ಹೇಳಿದಾಗ ಉಪಾಯಕ್ಕೆ ಕೈಕಾಲು ಕೊಟ್ಟವಳು ಮೆಹಬೂಬಿಯೇ. ಬಿಳಿಯ ಹಲ್ಲುಪುಡಿ ನಡೆಯುವುದಿಲ್ಲ, ಬೆರಳಿಗೆ ಕರ್ರಗೆ ಹತ್ತದಿದ್ದರೆ ತಿಕ್ಕಿದ ಹಾಗೇ ಅನ್ನಿಸುವುದಿಲ್ಲ ಎಂದಳು. ತೆಂಗಿನ ಪರಟಿ ಸುಟ್ಟ ಇದ್ದಿಲು, ಉಪ್ಪು, ಲವಂಗ, ಸ್ವಲ್ಪ ಓಂಕಾಳು, ಎಲ್ಲ ಅದೇ ಹಂಚಿನ ಮೇಲೆ ಹುರಿದು ಅರೆಯಬೇಕು, ವಾಸನೆ ಅರ್ಧಮರ್ಧವಾದರೂ ಅದೇ ಬರಬೇಕು. ಅದಕ್ಕೆ ಮಶೇರಿಯನ್ನು ಕಡಿಮೆ ಕಡಿಮೆ ಮಾಡುತ್ತ ಬೆರೆಸಬೇಕು. ಮೂರು ಥರ ಮಾಡು, ಡಬ್ಬಿಯ ತಳಕ್ಕೆ ನೇಲ್ ಪಾಲಿಶಿನಿಂದ ಒಂದು, ಎರಡು, ಮೂರು ಚುಕ್ಕಿ ಇಡು ಎಂದೆ. ಯಾವುದಕ್ಕೆ ಎಷ್ಟು ಚುಕ್ಕಿ ಎಂದು ಹೇಳಲಿಲ್ಲ. ಇಷ್ಟು ಸಹಜವಾದದ್ದನ್ನು ಯಾರು ಹೇಳುತ್ತಾರೆ? ಶಾಲೆಯಲ್ಲಿ ಒಂದನೇ ಇಯತ್ತೆ ಆದ ಮೇಲೆ ಎರಡನೆಯದು, ಅದಾದ ಮೇಲೆ ಮೂರನೆಯದು. ಮೂರು ಚುಕ್ಕಿಗೆ ಬಂದವಳು ಪಾಸು, ಅವಳ ಡಬ್ಬಿಯಲ್ಲಿ ತಂಬಾಕಿಲ್ಲ.

ಹತ್ತು ಗಂಟೆಗೆ ಹುಡುಗಿಯರಿಗೆ ಒಂದು ಹಿಡಿ ಪುಠಾಣಿ, ಅಂದರೆ ಹುರಿಗಡಲೆ, ಕೊಡಲು ಕಾಮತರನ್ನು ಒಪ್ಪಿಸಿದೆ. ತಿಕ್ಕಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಯಾರೂ ಒಳಗೆ ಹೋಗಬಾರದೆಂದು ಹುಡುಗಿಯರೇ ಕಟ್ಟಳೆ ಮಾಡಿಕೊಂಡರು. ಯಾರು ಯಾವ ಡಬ್ಬಿಯಲ್ಲಿದ್ದಾರೆ, ದಿನಕ್ಕೆ ಎಷ್ಟು ಸಲ ಎಂದು ಬರೆದಿಡಲು ಒಂದು ರಜಿಸ್ಟರು ಗೆರೆ ಹೊಡೆದುಕೊಂಡು ಹೋಗಿದ್ದೆ. ಜೈತುನ್ ಅದನ್ನು ಮುಚ್ಚಿ ನನ್ನ ಕೈಗೇ ವಾಪಸು ಕೊಟ್ಟಳು.

‘ಸುಮ್ಮ ಕೇಳಿದ್ರ ಖರೇ ಹೇಳತೀನ್ರಿ,’ ಎಂದಳು. ‘ಬರಕೊಂಡ್ರ ಸುಳ್ಳ ಹೇಳತೀನಿ.’

ಹೀಗಾಗಿ ಬರೆಯುವುದಿಲ್ಲ, ಬಯ್ಯುವುದಿಲ್ಲ, ಯಾರು ಇಳಿದರು ಯಾರು ಏರಿದರು ಎಂದು ಎಲ್ಲರ ಮುಂದೆ ಆಡುವುದಿಲ್ಲ ಎಂದು ಮಾತು ಕೊಟ್ಟೆ. ಅವರ ಜೊತೆ ನಾನೂ ದಿನಾ ತಿಕ್ಕುತ್ತೇನೆ ಎಂದೂ ಹೇಳಿದೆ. ಮಂದಿಗೆ ಹೇಳುವವಳು ತಾನು ಮಾಡಿ ತೋರಿಸಬೇಕಲ್ಲ. ಕಟ್ಟೆಯ ಮೇಲಿಂದ ಮೂರು ಚುಕ್ಕಿಯ ಡಬ್ಬಿ ಎತ್ತಿಕೊಂಡೆ. ಮೆಹಬೂಬಿ ನನ್ನನ್ನೇ ನೋಡಿ, ‘ನಿಮಗ ಮೂರು ಚುಕ್ಕೀದೇ ಬೇಕೇನ್ರಿ?’ ಎಂದು ಕೇಳಿದಳು. ಹೌದು, ನನಗೆ ಮೂರು ಚುಕ್ಕಿಯದೇ ಆಗಬೇಕು ಎಂದೆ. ‘ನೋಡ್ರಿ ಮತ್ತ’ ಎಂದಳು. ನನ್ನ ಆದರ್ಶವನ್ನು ಮೆಚ್ಚಿದಳೆಂದು ತಿಳಿದೆ.

ಆ ಪುಡಿಯ ಗುಣ ಏನು ಹೇಳಲಿ. ಮೊದಲ ವಾರ ಸ್ವಲ್ಪ ತಲೆ ಹಗುರಾಗುತ್ತಿತ್ತು, ಲವಂಗದ ಉಷ್ಣ ಎಂದುಕೊಂಡೆ. ಆಮೇಲೆ ಹತ್ತು ಗಂಟೆಗೆ ಒಮ್ಮೆ ತಿಕ್ಕಿದರೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಗುತ್ತಿತ್ತು. ಮೂರು ಗಂಟೆಗೆ ಇನ್ನೊಮ್ಮೆ. ಬರಬರುತ್ತ ಹನ್ನೆರಡಕ್ಕೂ ಒಮ್ಮೆ. ಬಸ್ಸು ತಡವಾದರೂ ಕಾಳಜಿಯಾಗುತ್ತಿರಲಿಲ್ಲ. ಯಜಮಾನರು, ಏನವಾ, ಇತ್ತೀಚೆ ಬೀಗ ಒಂದೇ ಸಲ ಜಗ್ಗತೀ ಎಂದು ಬೆರಗಾದರು. ಡಬ್ಬಿ ಕಾರ್ಖಾನೆಯಲ್ಲೇ ಇರುತ್ತಿತ್ತು. ರವಿವಾರ ಮಾತ್ರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಲೆ ಸಿಡಿಯತೊಡಗಿ, ಮಗಳ ಮೇಲೆ ರೇಗಿ, ಯಜಮಾನರ ಮೇಲೆ ಹಾಯ್ದು, ಮಿದುಳಿನಲ್ಲಿ ಏನೋ ಬೆಳೆಯುತ್ತಿದೆ ಎಂದು ಕಣ್ಣೀರಾಗುತ್ತಿದ್ದೆ. ಸೋಮವಾರ ಕಾರ್ಖಾನೆಗೆ ಹೋದರೆ ಗುಣ. ಕೆಲಸದ ಮೇಲೆ ನನಗಿರುವ ಪ್ರೀತಿ ಅದು ಎಂದು ಯಜಮಾನರಿಗೆ ತಿಳಿಹೇಳಿದೆ.

ಇತ್ತ ಹುಡುಗಿಯರ ಡಬ್ಬಿ ನೋಡಿದರೆ ಮೊದಲ ತಿಂಗಳು ಹೆಚ್ಚಿನವರೆಲ್ಲ ಮೂರು ಚುಕ್ಕಿಯದನ್ನೇ ಎತ್ತಿಕೊಂಡಿದ್ದರು. ನನ್ನನ್ನು ನೋಡಿ ಒಂದೇ ಏಟಿಗೆ ಮೂರನೇ ಇಯತ್ತೆಗೆ ಹಾರಿದರಲ್ಲ ಎಂದು ಹೆಮ್ಮೆಪಟ್ಟೆ. ಎರಡನೆಯ ತಿಂಗಳು ಒಬ್ಬೊಬ್ಬರೇ ಎರಡು ಚುಕ್ಕಿಗೆ ಬಂದರು. ಮೂರನೆಯ ತಿಂಗಳು ಅನೇಕರ ಡಬ್ಬಿಯ ತಳದಲ್ಲಿ ಒಂದೇ ಚುಕ್ಕಿ. ತಪಾಸಣೆ ಹತ್ತಿರ ಬಂದಂತೆ ನನ್ನ ಶಾಲೆಯೆಲ್ಲ ಒಂದನೇ ಇಯತ್ತೆಗೆ ಇಳಿದಿತ್ತು. ಬಯ್ಯುವಂತಿಲ್ಲ, ಕೇಳುವಂತಿಲ್ಲ, ಮಾತು ಕೊಟ್ಟಿದ್ದೆ. ಮೆಹಬೂಬಿಯ ಪಕ್ಕದಲ್ಲಿ ಕೂತು, ಅವಳ ಡಬ್ಬಿಯ ಒಂದು ಚುಕ್ಕಿಯನ್ನು ಕಂಡೂ ಕಾಣದಂತೆ, ‘ಅವಸರ ಬ್ಯಾಡವಾ, ನಿಧಾನಕ್ಕ ಆಗತದ’ ಎಂದು ಬೆನ್ನು ಸವರುತ್ತಿದ್ದೆ. ಅವಳೂ ನನ್ನ ಡಬ್ಬಿಯ ಕಡೆ ನೋಡಿ, ಕರುಳು ಹಿಂಡಿದಂಥ ದನಿಯಲ್ಲಿ, ‘ನೀವೂ ಅಷ್ಟ ರೀ ಅಕ್ಕಾರ’ ಎನ್ನುತ್ತಿದ್ದಳು. ಹೀಗೆ ಒಬ್ಬರನ್ನೊಬ್ಬರು ಸಂತೈಸುತ್ತ ಎಷ್ಟೋ ಹತ್ತು ನಿಮಿಷಗಳನ್ನು ಕಳೆದೆವು.

ಕಾಮತರು ನೋಡುತ್ತೇನೆಂದಿದ್ದ ದಿನ ಬಂತು. ಹೊತ್ತಿಗೆ ಮುಂಚೆ ಹೋಗಿ ಹಿತ್ತಲ ಕಟ್ಟೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಮಗುಚಿ ನೋಡಿದೆ. ಅಲ್ಲಿ ಹುಡುಗಿಯರ ಟೋಕನ್ ನಂಬರು ಬರೆದಿತ್ತು, ಅವರವರ ಜಾಗದಲ್ಲಿ ಅವರವರ ಡಬ್ಬಿ. ಕೆಲವರ ಡಬ್ಬಿಯ ತಳದಲ್ಲಿ ಚುಕ್ಕಿಯೇ ಇರಲಿಲ್ಲ. ಮೆಹಬೂಬಿಯದರಲ್ಲಿಯೂ ಇಲ್ಲ. ಚುಕ್ಕಿ ಇಲ್ಲದ ಡಬ್ಬಿ ಎಂದರೆ ಮೊದಲಿನ ಅಪ್ಪಟ ಮಶೇರಿ, ಇಯತ್ತೆಯೇ ಬೇಡವೆಂದು ಶಾಲೆ ಬಿಟ್ಟುಹೋದಂತೆ. ಉಳಿದವರನ್ನು ದೇವರು ನೋಡಿಕೊಳ್ಳಲಿ, ಕಾಮತರ ಕಣ್ಣು ಮೊದಲು ಬೀಳುವುದು ಇವಳ ಮೇಲೆ. ಹಿಂದೆಮುಂದೆ ನೋಡದೆ ಅವಳ ಡಬ್ಬಿಯನ್ನು ನನ್ನ ಪರ್ಸಿನೊಳಗೆ ಹಾಕಿಕೊಂಡು, ಪಾಸಾದ ನನ್ನ ಮೂರು ಚುಕ್ಕಿಯ ಡಬ್ಬಿಯನ್ನು ಅವಳ ನಂಬರಿನ ಮೇಲಿಟ್ಟೆ. ಜೀವನದಲ್ಲಿ ಒಂದಾದರೂ ಒಳ್ಳೆಯ ಕೆಲಸವನ್ನು ಕಾಳಜಿಯಿಲ್ಲದೆ ಮಾಡಿದೆನಲ್ಲ ಎಂದು ಸಮಾಧಾನವಾಯಿತು.

ಹತ್ತು ಗಂಟೆಗೆ ಕಾಮತರು ಬಂದರು. ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದರು. ಮೊದಲು ಮೆಹಬೂಬಿಯ ನಂಬರು ಕೇಳಿ, ಆ ಡಬ್ಬಿ ತೆರೆದು, ಮೂಗಿನ ಹತ್ತಿರ ಒಯ್ದರು. ಒಂದು ಸೀನು ಬಂತು. ಇನ್ನೊಮ್ಮೆ ಒಯ್ದರು, ಎರಡು ಸೀನು ಬಂದವು. ‘ತಂಬಾಕು’ ಎಂದರು. ನಾನು ನಕ್ಕುಬಿಟ್ಟೆ, ಅದು ಲವಂಗ ಎಂದು ವಿವರಿಸಿದೆ. ಅವರು ಡಬ್ಬಿಯನ್ನು ಸುಪರ್‌ವೈಜರನ ಕೈಗೆ ಕೊಟ್ಟರು. ಅವನು ದಿನಾ ತಂಬಾಕು ಜಗಿಯುವವನು, ಪರೀಕ್ಷೆಗೆ ಅವನಿಗಿಂತ ಯೋಗ್ಯ ಬೇರೆ ಇಲ್ಲ. ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಮೂರು ಚಿಟಿಕೆಯಾದರೂ ಇದೆ ಎಂದು ಕೊಂಕಣಿಯಲ್ಲಿ ಹೇಳಿದ. ಕಾಮತರು ಮೆಹಬೂಬಿಯ ಕಡೆ ತಿರುಗಿ, ನಾಳೆಯಿಂದ ಬರಬೇಡ ಎಂದರು.

ಮೆಹಬೂಬಿ ಆ ಡಬ್ಬಿಯ ತಳವನ್ನು ನೋಡಿದಳು. ಮೂರು ಚುಕ್ಕಿಯ ಡಬ್ಬಿ ಆ ಕಟ್ಟೆಯ ಮೇಲೆ ಒಂದೇ ಒಂದು ಉಳಿದಿತ್ತು, ಅದು ಯಾರದೆಂದು ನಲವತ್ತು ಜನರಿಗೂ ಗೊತ್ತು. ಅವಳು ನನ್ನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. ಅವಳ ಕೈ ತಲೆಯ ಬಿಳಿ ಟೊಪ್ಪಿಯನ್ನು ತೆಗೆಯತೊಡಗಿತು. ಆ ಕೈ ನೋಡಿದ ಮೇಲೆ ನನಗೆ ನಾಚಿಕೆ, ಹೆದರಿಕೆ, ನೌಕರಿ ಯಾವುದೂ ಲಕ್ಷ್ಯಕ್ಕೆ ಬರಲಿಲ್ಲ. ಅದು ನನ್ನದು ಎಂದೆ. ಪರ್ಸಿನಿಂದ ಅವಳ ಡಬ್ಬಿ ತೆಗೆದು ಕಾಮತರ ಮುಂದೆ ಹಿಡಿದೆ. ಇದು ಅವಳದು, ಇದರಲ್ಲಿ ತಂಬಾಕಿದ್ದರೂ ತಪ್ಪು ನನ್ನದೇ, ನನ್ನನ್ನು ತೆಗೆಯಿರಿ ಎಂದೆ. ಕಾಮತರು ಮೂಸಿದರು, ಸೀನಲಿಲ್ಲ. ಸುಪರ್‌ವೈಜರ್ ನಾಲಿಗೆಗೆ ಇಟ್ಟುಕೊಂಡು ಮುಖ ಹುಳ್ಳಗೆ ಮಾಡಿ, ಬರೀ ಇದ್ದಿಲು ಎಂದು ಉಗುಳಿದ. ಉಳಿದ ಡಬ್ಬಿಗಳನ್ನೂ ನೋಡಿದರು. ಒಂದು ಚುಕ್ಕಿಯವರು ಅಂದು ಬೆಳಿಗ್ಗೆಯೇ ತಮ್ಮ ಡಬ್ಬಿ ತೊಳೆದು ತಂಬಾಕಿಲ್ಲದ ಹೊಸ ಪುಡಿ ತುಂಬಿದ್ದರು. ಇಡೀ ಕಾರ್ಖಾನೆಯಲ್ಲಿ ತಂಬಾಕು ಸಿಕ್ಕಿದ್ದು ವೆಲ್‌ಫೇರ್ ಆಫೀಸರಳ ಹತ್ತಿರ.

ನನ್ನನ್ನು ತೆಗೆಯಲಿಲ್ಲ. ನಿಯಮ ಪ್ಯಾಕಿಂಗ್ ಹಾಲಿನ ಹುಡುಗಿಯರಿಗೆ ಮಾತ್ರ, ಆಫೀಸಿ‌ನವರಿಗೆ ಇಲ್ಲ ಎಂದು ಕಾಮತರು ಹೇಳಿ, ಜೇಬಿನಿಂದ ಸಿಗರೇಟು ತೆಗೆದುಕೊಂಡು ಹೊರಗೆ ನಡೆದರು. ಆ ಕ್ಷಣ ನನಗೆ ಅವರ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಮೆಹಬೂಬಿ ಟೊಪ್ಪಿಯನ್ನು ಮತ್ತೆ ಸರಿಯಾಗಿ ಹಾಕಿಕೊಂಡಳು. ಹಿತ್ತಲ ಮೆಟ್ಟಿಲ ಮೇಲೆ ಕೂಡಿಸಿ ನನಗೆ ನೀರು ಕುಡಿಸಿದ ಮೇಲೆ, ಚುಕ್ಕಿಯ ವಿಷಯ ಹೊರಬಿತ್ತು. ಎಷ್ಟು ಚಿಟಿಕೆ ತಂಬಾಕೋ ಅಷ್ಟು ಚುಕ್ಕಿ. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಒಂದರಿಂದ ಬರಿದಕ್ಕೆ. ಪುಡಿ ಬೆರೆಸುವವಳಿಗೆ ಇದಕ್ಕಿಂತ ಸಹಜವಾದ ಲೆಕ್ಕ ಬೇರೆ ಯಾವುದು? ಅದು ಎಲ್ಲರಿಗೂ ಕೇಳದೆಯೇ ತಿಳಿದಿತ್ತು, ಬಿ.ಎ. ಪಾಸಾದವಳೊಬ್ಬಳನ್ನು ಬಿಟ್ಟು. ಮೊದಲ ದಿನ ತಲೆ ತಿರುಗಿದಾಗಲೇ ನನಗೆ ರುಚಿ ಹತ್ತಿತೆಂದು ಅವರು ತಿಳಿದಿದ್ದರಂತೆ.

ಮೂರು ತಿಂಗಳು ನೋಡುತ್ತ ಒಂದು ಮಾತಾದರೂ ಹೇಳಬಾರದಿತ್ತೇ ಎಂದು ನಾನು ಅಳುದನಿಯಲ್ಲಿ ಕೇಳಿದೆ.

‘ನಮ್ಮ ಡಬ್ಬಿ ನೋಡಿ ನೀವೇನರ ಅಂದ್ರೇನ್ರಿ?’ ಎಂದಳು ಮೆಹಬೂಬಿ. ‘ಮತ್ತ ನಿಮ್ಮ ಡಬ್ಬಿ ನೋಡಿ ನಾವು ಹೆಂಗ ಅನ್ನೂದು?’

ಮರುದಿನದ ತಪಾಸಣೆ ಸುಖವಾಗಿ ಮುಗಿಯಿತು. ಮನೆಯಲ್ಲಿ ಯಜಮಾನರಿಗೆ ಹೇಳದೆ ವಿಧಿಯಿರಲಿಲ್ಲ, ರವಿವಾರ ಬರುತ್ತಿತ್ತಲ್ಲ. ‘ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ’ ಎಂದು ಅವರು ನಕ್ಕದ್ದು ನೆರೆಮನೆಗೆ ಕೇಳಿಸಿತು. ನಾನು ಹಲ್ಲು ಕಚ್ಚಿ, ಅಂದೇ ಒಂದೇ ಏಟಿಗೆ ಬಿಟ್ಟೆ. ಬಿಟ್ಟದ್ದು ಮರುದಿನ ಹನ್ನೊಂದೂವರೆಯ ತನಕ ನಡೆಯಿತು. ಆಮೇಲೆ ಹಿತ್ತಲಿಗೆ ಹೋಗಿ, ತಲೆ ತಗ್ಗಿಸಿ ನಿಂತೆ. ಮೆಹಬೂಬಿ ಏನೂ ಕೇಳದೆ ನನಗೊಬ್ಬಳಿಗಾಗಿ ಎರಡು ಚುಕ್ಕಿಯ ಡಬ್ಬಿ ಮಾಡಿಕೊಟ್ಟಳು. ಅವರು ಮೂರು ತಿಂಗಳಲ್ಲಿ ಇಳಿದ ಮೆಟ್ಟಿಲನ್ನು ಇಳಿಯಲು ನನಗೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಅವಳು ತನ್ನ ಹತ್ತು ನಿಮಿಷದಲ್ಲಿ ಪುಠಾಣಿ ತಿನ್ನುತ್ತ ನನ್ನ ಪಕ್ಕದಲ್ಲಿ ಕೂಡುತ್ತಿದ್ದಳು. ಒಂದು ದಿನ ಮಧ್ಯಾಹ್ನ, ನಾನು ಬಾಯಿ ಮುಕ್ಕಳಿಸಿ ಬರುವುದನ್ನೇ ನೋಡುತ್ತ, ಇವತ್ತು ಎಷ್ಟು ಸಲ ಆಯಿತು ಎಂದು ಮೆಲ್ಲಗೆ ಕೇಳಿದಳು. ಆಗಿದ್ದದ್ದು ನಾಲ್ಕು ಸಲ. ಎರಡೇ ಸಲ ಎಂದೆ. ಪುಣ್ಯಕ್ಕೆ ಅವಳ ಕೈಯಲ್ಲಿ ಪುಠಾಣಿ ಇತ್ತು, ಪೆನ್ನು ಇರಲಿಲ್ಲ. ಇದ್ದಿದ್ದರೆ ಒಂದೇ ಸಲ ಎನ್ನುತ್ತಿದ್ದೆ.